ಖಜಾಂಚಿ ನೀಲವ್ವ

ನೀಲವ್ವನ ಕೈಗೆ ಯಾರಾದರೂ ರೊಕ್ಕ ಇಟ್ಟರೆ ಆಕೆ ಕೂಡಲೇ ಮುಷ್ಟಿ ಮುಚ್ಚುತ್ತಿರಲಿಲ್ಲ. ಅಂಗೈಯನ್ನು ಹಾಗೆಯೇ ಬಿಚ್ಚಿ ಹಿಡಿದು, ಕೊಟ್ಟವರ ಮುಖ ನೋಡಿ, “ಯಾತಕ್ಕ?” ಎಂದು ಕೇಳುತ್ತಿದ್ದಳು. ಅವರು “ಹುಡುಗರ ದೀಪದೆಣ್ಣಿಗೆ” ಎಂದೋ “ಪುಸ್ತಕಕ್ಕ” ಎಂದೋ ಬಾಯಿಬಿಟ್ಟು ಹೇಳಿದ ಮೇಲೆಯೇ ಬೆರಳುಗಳು ಮಡಚಿಕೊಳ್ಳುವುದು. “ನಿಮಗ ತಿಳಿದಂಗ ಖರ್ಚು ಮಾಡ್ರೆವಾ” ಎಂದು ಯಾರಾದರೂ ದೊಡ್ಡ ಮನಸ್ಸು ತೋರಿಸಿದರೆ ಆ ರೊಕ್ಕ ಅವರ ಕೈಗೇ ವಾಪಸು ಹೋಗುತ್ತಿತ್ತು. “ನನಗೇನೂ ತಿಳಿಯೂದಿಲ್ಲಪ್ಪಾ. ರೊಕ್ಕ ನಿಂದು, ನೀನ ಹೇಳು.”

ಬನಹಟ್ಟಿಯ ನಮ್ಮ ತರುಣ ಸಂಘಕ್ಕೆ ಐದು ವರ್ಷ ಖಜಾಂಚಿಯಾಗಿದ್ದ ಈ ನೀಲವ್ವ ತರುಣಿಯೂ ಅಲ್ಲ, ಸಂಘದ ಸದಸ್ಯಳೂ ಅಲ್ಲ. ಐವತ್ತರ ಆಸುಪಾಸಿನ ವಿಧವೆ. ಮಕ್ಕಳಿರಲಿಲ್ಲ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಲಾಳಿಯೊಳಗೆ ಕೂಡಿಸುವ ಕಂಡಿಕೆಗಳನ್ನು ಸುತ್ತಿ ನೇಕಾರರಿಗೆ ಕೊಡುವುದು ಆಕೆಯ ಕೆಲಸ; ಬೆಳಗಾದರೆ ರಾಟೆಯ ಮುಂದೆ ಕುಳಿತುಬಿಡುತ್ತಿದ್ದಳು. ಗಂಡ ಬಿಟ್ಟುಹೋದ ಒಂದು ಮಗ್ಗವನ್ನು ಬಾಡಿಗೆಗೆ ಕೊಟ್ಟಿದ್ದಳು. ಓದು ಬರಹ ಒಂದಕ್ಷರವೂ ಬರುತ್ತಿರಲಿಲ್ಲ. ನಾನು ಆಕೆಯನ್ನು ಚಿಕ್ಕಮ್ಮನೆಂದೇ ತಿಳಿದು ಚಿಗವ್ವಾ ಎಂದು ಕರೆಯುತ್ತಿದ್ದೆ.

ಸಂಘ ಕಟ್ಟಿದವರು ನಾವು ಹದಿನಾಲ್ಕು ಮಂದಿ. ಹೆಚ್ಚಿನವರು ನೇಕಾರರ ಮಕ್ಕಳು. ಅಧ್ಯಕ್ಷ ಗುರುಸಿದ್ದಪ್ಪ, ಊರಿನ ದೊಡ್ಡ ನೂಲಿನ ಅಂಗಡಿಯವರ ಮಗ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನೌಕರಿಗೆ ಕಾಯುತ್ತ ಕುಳಿತವನು. ಅಕ್ಷರ ದುಂಡಗಿದ್ದವು ಎಂಬ ಒಂದೇ ಕಾರಣಕ್ಕೆ ಕಾರ್ಯದರ್ಶಿಯಾದೆ. ಹಗಲು ಮಗ್ಗದ ಕೆಲಸಕ್ಕೆ ಹೋಗುವ ಹುಡುಗರಿಗೆ ಸಂಜೆ ಸಾಲಿ ನಡೆಸುವುದು, ಒಂದು ವಾಚನಾಲಯ ಮಾಡುವುದು, ಅದಕ್ಕೆ ಎರಡು ಅಂಕಣದ ಸ್ವಂತ ಕೋಣೆ ಕಟ್ಟುವುದು ನಮ್ಮ ಆಸೆ. ಮೊದಲ ವರ್ಷವೇ ಚಂದಾ ವರ್ಗಣಿ ಎತ್ತಿದ ರೊಕ್ಕದಲ್ಲಿ ಹನ್ನೊಂದು ರೂಪಾಯಿ ಕಾಣದಾದವು. ಆಗಿನ ಖಜಾಂಚಿ, ತಾನು ಅದನ್ನು ಇನ್ನೊಬ್ಬನಿಗೆ ಕೊಟ್ಟೆ ಅಂದ. ಆ ಇನ್ನೊಬ್ಬ, ತಾನು ಮುಟ್ಟಿಯೇ ಇಲ್ಲ ಅಂದ. ಅಂಗಿಯ ಕೊರಳಪಟ್ಟಿ ಹಿಡಿಯುವವರೆಗೆ ಜಗಳ ಹೋಯಿತು. ಇನ್ನು ಮೇಲೆ ರೊಕ್ಕ ಯಾರ ಹತ್ತಿರ ಇಡಬೇಕು ಎಂದರೆ ಹದಿನಾಲ್ಕು ಜನರಲ್ಲಿ ಒಬ್ಬನಿಗೂ ಇನ್ನೊಬ್ಬನ ಮೇಲೆ ನಂಬಿಕೆ ಉಳಿದಿರಲಿಲ್ಲ. ಆಗ ನಾನೇ ನೀಲವ್ವನ ಹೆಸರು ಹೇಳಿದೆ. ಯಾರೂ ಬೇಡವೆನ್ನಲಿಲ್ಲ. ನೂಲು ಅಳೆದು ಕೊಡದಿದ್ದರೂ ಒಂದೆಳೆ ಕಡಿಮೆಯಾಗದಂತೆ ಕಂಡಿಕೆ ತಿರುಗಿ ಬರುವುದು ಆಕೆಯೊಬ್ಬಳ ಮನೆಯಿಂದ ಎಂದು ಎಲ್ಲರ ಅಪ್ಪಂದಿರಿಗೂ ಗೊತ್ತಿತ್ತು.

ಕೇಳಲು ಹೋದಾಗ ಆಕೆ ರಾಟೆ ನಿಲ್ಲಿಸಲಿಲ್ಲ.

“ನಾ ಏನ್ ಓದಿದಾಕೇನೋ ಶಿವಪ್ಪಾ? ಲೆಕ್ಕಾ ಹೆಂಗ ಇಡ್ಲಿ?”

“ಬರೆಯೂದು ನಾ ಬರೀತೇನಿ ಚಿಗವ್ವಾ. ನೀ ಬರೇ ಕಾಯಿ.”

“ಕಾಯತೇನಿ. ಆದ್ರ ಒಂದು ಮಾತು. ಯಾತಕ್ಕಂತ ಕೊಟ್ಟಿರತಾರೋ ಅದಕ್ಕ ಹೋಗಬೇಕು. ಎಣ್ಣಿ ರೊಕ್ಕ ಪುಸ್ತಕಕ್ಕ ಕೇಳಿದ್ರೂ ಕೊಡೂದಿಲ್ಲ. ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

ಆಕೆ ಮೂರು ಬಟ್ಟೆಯ ಚೀಲ ಹೊಲಿದಳು. ಎಣ್ಣೆಯ ಚೀಲಕ್ಕೆ ಹಳದಿ ನೂಲು, ಪುಸ್ತಕದ್ದಕ್ಕೆ ಕೆಂಪು, ಕಟ್ಟಡದ್ದಕ್ಕೆ ಹಸಿರು. ಒಂದು ರೂಪಾಯಿ ಒಳಗೆ ಹೋದರೆ ಆ ನೂಲಿಗೆ ಒಂದು ಗಂಟು, ಹೊರಗೆ ಬಂದರೆ ಒಂದು ಗಂಟು ಬಿಚ್ಚುವುದು. ಆಣೆ, ಪಾವಲಿಗಳಿಗೆ ಬೇರೆ ಸಣ್ಣ ಎಳೆ. ಪ್ರತಿ ಸೋಮವಾರ ನಾನು ಲೆಕ್ಕದ ಪುಸ್ತಕ ಹಿಡಿದು ಹೋಗಿ ಕೂಡುತ್ತಿದ್ದೆ. ನಾನು ಓದುವುದು, ಆಕೆ ಬೆರಳಿನಿಂದ ಗಂಟು ಮುಟ್ಟುತ್ತ ಹೋಗುವುದು. ಐದು ವರ್ಷದಲ್ಲಿ ಒಮ್ಮೆ ಮಾತ್ರ ಎರಡೂ ಲೆಕ್ಕ ತಾಳೆಯಾಗಲಿಲ್ಲ. ಅಂದು ಮೂರು ಸಲ ಕೂಡಿಸಿ ನೋಡಿದೆ. ತಪ್ಪಿದ್ದು ನನ್ನ ಕೂಡಿಕೆ. “ಮುಲ್ಕಿ ಪಾಸಾದ್ಯೋ, ಬರೇ ಸಾಲಿ ಮೆಟ್ಟಲಾ ಹತ್ತಿ ಇಳದ್ಯೋ?” ಎಂದು ನಕ್ಕಳು. ಆಕೆ ನಕ್ಕದ್ದು ಅಪರೂಪ, ಅದಕ್ಕೇ ನೆನಪಿದೆ.

ರೊಕ್ಕ ಕಾಯುವುದಷ್ಟೇ ಅಲ್ಲ, ಕೂಡಿಸುವುದೂ ಆಕೆಯಿಂದಲೇ ಕಲಿತೆವು. ಅಲ್ಲಿಯವರೆಗೆ ನಾವು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶ್ರೀಮಂತರ ಪಡಸಾಲೆಯಲ್ಲಿ ಭಾಷಣ ಮಾಡಿ, ಚಹ ಕುಡಿದು, ಬರಿಗೈಯಿಂದ ಬರುತ್ತಿದ್ದೆವು. ನೀಲವ್ವ ನಮ್ಮನ್ನು ನೇಕಾರರ ಓಣಿಗೆ ಕರೆದೊಯ್ದಳು. ಮನೆಮನೆಗೆ ಒಂದು ಸಣ್ಣ ಗಡಿಗೆ ಕೊಟ್ಟು, ರೊಟ್ಟಿಗೆ ಬೀಸಲು ಕೂಡುವ ಮುಂಚೆ ಒಂದು ಮುಷ್ಟಿ ಜೋಳ ಅದರಲ್ಲಿ ಹಾಕಿರಿ ಎಂದು ಹೆಂಗಸರಿಗೆ ಹೇಳಿದಳು. ವಾರಕ್ಕೊಮ್ಮೆ ಜೋಳ ಕೂಡಿಸಿ ಸಂತೆಯಲ್ಲಿ ಮಾರಿ ಬರುತ್ತಿದ್ದೆವು. ಮೊದಲ ವಾರದ ಜೋಳಕ್ಕೇ ಒಂದು ತಿಂಗಳ ಎಣ್ಣೆ ಬಂತು. ಸೀರೆ ಮಾರಾಟವಾದ ದಿನ ನೇಕಾರರು ಸೀರೆಗೊಂದು ದುಡ್ಡು ಕೊಡತೊಡಗಿದರು.

ರಬಕವಿ ನಮಗೆ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಆಗ ಬೇರೆ ಸಂಸ್ಥಾನ; ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಅಲ್ಲಿಗೆ ವರ್ಗಣಿ ಕೇಳಲು ಹೋದಾಗ ಒಬ್ಬ ವ್ಯಾಪಾರಿ, “ನೀವು ಜಮಖಂಡಿಯವರು. ನಿಮ್ಮ ಸಾಲಿಗೆ ನಾವ್ಯಾಕ ಕೊಡಬೇಕು?” ಅಂದರು. ನಾವೆಲ್ಲ ಗುರುಸಿದ್ದಪ್ಪನ ಮುಖ ನೋಡಿದೆವು. ಆತ ಹೊರಡಲು ಎದ್ದ.

ನೀಲವ್ವ ಬಾಗಿಲ ಹತ್ತಿರ ನಿಂತಿದ್ದಳು. “ನಿಮ್ಮ ಮಗ್ಗಕ್ಕ ದಿನಾ ಆರು ಹುಡುಗರು ನಮ್ಮೂರಿಂದ ಬರತಾವ್ರೀ ಸಾಹುಕಾರ್ರ. ಒಳಗ ಕರಕೊಳ್ಳೂ ಮುಂದ ನೀ ಯಾವ ಸಂಸ್ಥಾನದಾಂವ ಅಂತ ಕೇಳೀರೇನು?”

ಆ ವ್ಯಾಪಾರಿ ಹೊಟ್ಟೆ ಅಲ್ಲಾಡಿಸುತ್ತ ನಕ್ಕು ಐದು ರೂಪಾಯಿ ತೆಗೆದರು. ಆಕೆ ಅಂಗೈ ಚಾಚಿ, “ಯಾತಕ್ಕರೀ?” ಎಂದಳು.

ಇಷ್ಟೆಲ್ಲ ಬರೆಯುವಾಗ ನನಗೆ ಸುಖವಾಗುತ್ತದೆ. ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಅದಕ್ಕಾಗಿಯೇ ಇದನ್ನು ಹಿಡಿದಿದ್ದೇನೆ.

ಆಕೆ ಖಜಾಂಚಿಯಾದ ಐದನೆಯ ವರ್ಷ ಕಟ್ಟಡದ ಚೀಲದಲ್ಲಿ ಇನ್ನೂರರ ಮೇಲೆ ರೂಪಾಯಿ ಆಗಿದ್ದವು. ಮುಧೋಳದಿಂದ ವೇಷಭೂಷಣ ಬಾಡಿಗೆಗೆ ತಂದು ಎರಡು ನಾಟಕ ಆಡಿದ್ದೆವು, ಅದರ ಗಳಿಕೆಯೂ ಅದರಲ್ಲಿತ್ತು. ಅದೇ ಹೊತ್ತಿಗೆ ಮುಂಬಯಿಯ ಕಡೆಯ ಒಬ್ಬ ದೊಡ್ಡ ಪುಢಾರಿ ನಮ್ಮ ಭಾಗದಲ್ಲಿ ಸಂಚಾರ ಮಾಡುತ್ತಾರೆ, ಬನಹಟ್ಟಿಗೂ ಬರುತ್ತಾರೆ ಎಂದು ಸುದ್ದಿ ಬಂತು. ಗುರುಸಿದ್ದಪ್ಪನಿಗೆ ಹುಚ್ಚೇ ಹಿಡಿಯಿತು. ಜಮಖಂಡಿಯಿಂದ ಬ್ಯಾಂಡು, ಮೆರವಣಿಗೆ, ಹಾರ, ಊಟ, ಆಮೇಲೆ ಸಂಘದ ಸದಸ್ಯರೊಡನೆ ಒಂದು ಫೋಟೋ. ಅದೆಲ್ಲಕ್ಕೂ ನೂರಾ ಇಪ್ಪತ್ತು ರೂಪಾಯಿ ಬೇಕು. ಅವನ ಅಪ್ಪ ಒಂದು ಬಿಡಿಕಾಸೂ ಕೊಡಲಾರೆ ಅಂದಿದ್ದರು.

ಒಂದು ಮಧ್ಯಾಹ್ನ ಅವನು ನನ್ನನ್ನು ಕರೆದುಕೊಂಡು ನೀಲವ್ವನ ಮನೆಗೆ ಬಂದ.

“ಆಗೂದಿಲ್ಲಪ್ಪಾ,” ಎಂದಳು ಆಕೆ. “ಗೋಡಿಗಂತ ಕೊಟ್ಟ ರೊಕ್ಕ. ಬ್ಯಾಂಡ ಊದವರಿಗೆ ಹೆಂಗ ಕೊಡ್ಲಿ?”

“ಖರ್ಚಿಗಲ್ಲ ನೀಲವ್ವಾ. ಕಡಾ ಕೊಡು. ಎಂಟ ದಿನದಾಗ ನಾನ ತಂದು ಹಾಕತೇನಿ. ನನ್ನ ಮ್ಯಾಲ ನಂಬಿಗಿ ಇಲ್ಲೇನು?”

ಆಕೆ ನನ್ನ ಕಡೆ ನೋಡಿದಳು. “ನೀ ಏನಂತಿ ಶಿವಪ್ಪಾ?”

ಆ ಪುಢಾರಿಯ ಪಕ್ಕದಲ್ಲಿ ನಿಂತ ನನ್ನ ಫೋಟೋವನ್ನು ನಾನು ಆಗಲೇ ಮನಸ್ಸಿನಲ್ಲಿ ಗೋಡೆಗೆ ತೂಗುಹಾಕಿದ್ದೆ. “ಕೊಡು ಚಿಗವ್ವಾ, ಆಂವ ತಂದು ಹಾಕತಾನ,” ಅಂದೆ.

“ಹಂಗಾರ ಚೀಟಿ ಬರಿ. ಯಾರು ಒಯ್ದಾರ, ಯಾವಾಗ ಕೊಡತಾರ, ಎಲ್ಲಾ ಬರಿ. ಬರದು ನನಗ ಓದಿ ತೋರಸು.”

ಆಕೆ ಚೀಲ ತರಲು ಒಳಗೆ ಹೋದಾಗ ಗುರುಸಿದ್ದಪ್ಪ ನನ್ನ ಕಿವಿಯಲ್ಲಿ, “ನನ್ನ ಹೆಸರು ಹಾಕಬ್ಯಾಡ. ನಮ್ಮಪ್ಪನ ಕೈಗೆ ಚೀಟಿ ಸಿಕ್ಕರ ನನ್ನ ಮನಿ ಬಿಡಿಸ್ತಾನ. ಸಂಘದ ಖರ್ಚಿಗೆ ಅಂತ ಬರಿ. ಎಂಟ ದಿನದ ಮಾತು,” ಅಂದ. ನಾನು ಬರೆದೆ: ನೀಲವ್ವನ ಕೈಯಿಂದ ಸಂಘದ ಖರ್ಚಿಗಾಗಿ ನೂರಾ ಇಪ್ಪತ್ತು ರೂಪಾಯಿ ವೆಚ್ಚವಾಗಿದೆ. ಆಕೆ ಬಂದು ಎದುರಿಗೆ ಕುಳಿತಳು. ನಾನು ಕಾಗದ ಎತ್ತಿ ಹಿಡಿದು, “ಅಧ್ಯಕ್ಷ ಗುರುಸಿದ್ದಪ್ಪ ನೂರಾ ಇಪ್ಪತ್ತು ರೂಪಾಯಿ ಕಡ ಒಯ್ದಿದ್ದಾರೆ, ಎಂಟು ದಿನದಲ್ಲಿ ತಿರುಗಿ ಕೊಡುತ್ತಾರೆ,” ಎಂದು ಗ್ರಂಥದ ಭಾಷೆಯಲ್ಲಿ, ಎಲ್ಲೂ ತಡವರಿಸದೆ ಓದಿದೆ. ಆಕೆ ತಲೆಯಾಡಿಸುತ್ತ ಕೇಳಿದಳು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಹಸಿರು ನೂಲಿನ ಚೀಲದಲ್ಲಿಟ್ಟಳು. ಗಂಟುಗಳನ್ನು ಬಿಚ್ಚಲಿಲ್ಲ. “ತಿರುಗಿ ಬರೂ ರೊಕ್ಕ. ಗಂಟು ಯಾಕ ಬಿಚ್ಚೂದು?”

ಮೆರವಣಿಗೆ ಭರ್ಜರಿಯಾಯಿತು. ಗುರುಸಿದ್ದಪ್ಪ ಎಲ್ಲವನ್ನೂ ಸ್ವಂತ ರೊಕ್ಕದಿಂದ ಮಾಡಿದ ಎಂದು ಊರೆಲ್ಲ ಹೊಗಳಿತು. ಅವನು ಅಲ್ಲವೆನ್ನಲಿಲ್ಲ. ಎಂಟು ದಿನವಾಯಿತು, ಎರಡು ತಿಂಗಳಾಯಿತು. ನೀಲವ್ವ ಕೇಳಿದಾಗಲೆಲ್ಲ ನಾನು “ಇವತ್ತ ಹೇಳತೇನಿ” ಅನ್ನುತ್ತಿದ್ದೆ. ಹೇಳಿಯೂ ಹೇಳಿದೆ. ಅವನು ಮೊದಮೊದಲು ದಿನ ಹೇಳುತ್ತಿದ್ದ, ಆಮೇಲೆ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದ.

ವಾರ್ಷಿಕ ಸಭೆಗೆ ವರ್ಗಣಿ ಕೊಟ್ಟವರೆಲ್ಲ ಬರುವ ರೂಢಿ. ಆ ವರ್ಷ ಕಲ್ಲು ತರಿಸುವುದಿತ್ತು, ಆದ್ದರಿಂದ ಕಟ್ಟಡದ ರೊಕ್ಕ ಎಲ್ಲರೆದುರು ಎಣಿಸಬೇಕಾಗಿತ್ತು. ಸಭೆಯ ಮುಂಜಾನೆ ಗುರುಸಿದ್ದಪ್ಪ ಅಂಗಡಿಯ ಮುಂದೆ ನನ್ನನ್ನು ತಡೆದ. ಆಗ ಯುದ್ಧದ ಕಾಲ. ನೂಲು ಸಿಗುವುದೇ ಕಷ್ಟವಾಗಿತ್ತು. ಯಾರಿಗೆ ಎಷ್ಟು ಲಡಿ ನೂಲು ಕೊಡಬೇಕೆಂಬುದು ಅವನ ಅಪ್ಪನ ಕೈಯಲ್ಲಿತ್ತು. “ನಿಮ್ಮಪ್ಪ ಹ್ವಾದ ವಾರ ಹತ್ತು ಲಡಿ ಒಯ್ದಾನ,” ಅಂದ. “ಈ ವಾರನೂ ಮಗ್ಗಾ ನಡೀಬೇಕಲ್ಲ?” ಅಷ್ಟೇ ಹೇಳಿ ಒಳಗೆ ಹೋದ.

ಸಂಜೆ ಮಠದ ಪಡಸಾಲೆಯಲ್ಲಿ ಚೀಲ ಬಿಚ್ಚಿದರು. ನೂಲಿನ ಗಂಟುಗಳಿಗೂ ರೂಪಾಯಿಗಳಿಗೂ ನೂರಾ ಇಪ್ಪತ್ತರ ಅಂತರ. ಗದ್ದಲವಾಯಿತು. ನೀಲವ್ವ ಸ್ವಲ್ಪವೂ ಅಂಜಲಿಲ್ಲ. “ಚೀಟಿ ಐತ್ರಿ, ಓದ್ರಿ,” ಎಂದು ಕೊಟ್ಟಳು. ಊರಿನ ಹಿರಿಯರೊಬ್ಬರು ಕಂದೀಲಿನ ಹತ್ತಿರ ಹಿಡಿದು ಓದಿದರು. ಸಂಘದ ಖರ್ಚಿಗೆ, ನೀಲವ್ವನ ಕೈಯಿಂದ. ಯಾವ ಖರ್ಚು? ಲೆಕ್ಕದ ಪುಸ್ತಕದಲ್ಲಿ ಅಂಥ ಖರ್ಚೇ ಇಲ್ಲ.

“ಅದರಾಗ ಹಂಗಿಲ್ಲರೀ! ಗುರುಸಿದ್ದಪ್ಪನ ಹೆಸರೈತಿ, ಎಂಟ ದಿನದ ಕರಾರೈತಿ. ಇನ್ನೊಮ್ಮೆ ಓದ್ರಿ!”

ಅವರು ಇನ್ನೊಮ್ಮೆ ಓದಿದರು. ಆಕೆ ನನ್ನ ಕಡೆ ತಿರುಗಿದಳು. ಆಗಲೂ ಆಕೆಯ ಮುಖದಲ್ಲಿ ಸಂಶಯವಿರಲಿಲ್ಲ. ಓದಿದವರಿಗೇ ಕಣ್ಣು ಕಾಣುವುದಿಲ್ಲ ಎಂದುಕೊಂಡಿದ್ದಳು.

“ಶಿವಪ್ಪಾ, ಬರದಾಂವ ನೀನು, ಓದಿದಾಂವ ನೀನು. ನನಗೇನು ಓದಿ ಹೇಳಿದ್ದಿ, ಇವರಿಗೆ ಹೇಳು.”

ನನ್ನಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ನಾನು ನೆಲ ನೋಡುತ್ತ, “ಏನು ಬರದೈತಿ, ಅದನ್ನ ಓದಿರಬೇಕು ಚಿಗವ್ವಾ,” ಅಂದೆ.

ಸುಳ್ಳು ಹೇಳಿದೆ ಎಂದು ಯಾರೂ ಹಿಡಿಯಲಾರದ ಹಾಗೆ ಮಾತು ಜೋಡಿಸಿದ್ದೆ. ಆ ಜಾಣತನವನ್ನು ನೆನೆದರೆ ಈಗಲೂ ನನ್ನ ಬಾಯಿ ನನಗೆ ಹೇಸಿಗೆಯಾಗುತ್ತದೆ.

ಆಕೆ ಅಳಲಿಲ್ಲ, ಶಾಪ ಹಾಕಲಿಲ್ಲ.  ಸೆರಗು ಸರಿಮಾಡಿಕೊಂಡು ಎದ್ದಳು. “ಯಾರು ತಿಂದಾರಂತ ನನಗೂ ಗೊತ್ತೈತಿ, ಇವಗೂ ಗೊತ್ತೈತಿ. ಅದು ಇರಲಿ. ಓಣ್ಯಾಗಿನ ಹೆಣ್ಣಮಕ್ಕಳು ಹಸದು ಇಟ್ಟ ಜ್ವಾಳದ ರೊಕ್ಕ ಅವು. ಗೋಡಿಗೆ ಹೋಗಬೇಕು. ಹದಿನೈದ ದಿನಾ ಕೊಡ್ರಿ.”

ಹದಿನೈದು ದಿನದೊಳಗೆ ಗಂಡನ ಮಗ್ಗ ಮಾರಿದಳು. ಕೊರಳಲ್ಲಿದ್ದ ಬಂಗಾರದ ಬೋರಮಾಳ ಮಾರಿದಳು. ನೂರಾ ಇಪ್ಪತ್ತು ರೂಪಾಯಿ ತಂದು ಸಭೆಯ ಮುಂದೆ ಎಣಿಸಿ ಇಟ್ಟಳು. ಅದುವರೆಗೆ ಊರಿನಲ್ಲಿ ಅರ್ಧ ಜನ ಆಕೆಯ ಕಡೆಗಿದ್ದರು. ರೊಕ್ಕ ಕಟ್ಟಿದ ಮೇಲೆ ಅವರೂ ಇಲ್ಲವಾದರು. ತಿನ್ನದಿದ್ದರೆ ಯಾಕೆ ಕಟ್ಟುತ್ತಿದ್ದಳು ಎಂದು ಕೇಳಿದರು. ಆ ರೊಕ್ಕದಿಂದಲೇ ಕೋಣೆಯ ಗೋಡೆ ಎದ್ದವು. ಬಾಗಿಲ ಮೇಲೆ ಗುರುಸಿದ್ದಪ್ಪನ ಹೆಸರಿನ ಕಲ್ಲು ಕೂತಿತು.

ಕಂಡಿಕೆಯ ಕೆಲಸ ನಂಬಿಕೆಯ ಕೆಲಸ. ನೇಕಾರರು ಒಬ್ಬೊಬ್ಬರಾಗಿ ಆಕೆಗೆ ನೂಲು ಕೊಡುವುದನ್ನು ಬಿಟ್ಟರು. ಗೋಡೆಯಾಚೆಯ ರಾಟೆಯ ಸಪ್ಪಳ ದಿನದಿಂದ ದಿನಕ್ಕೆ ಕಡಿಮೆಯಾಗಿ ಒಂದು ದಿನ ನಿಂತೇಹೋಯಿತು. ಮನೆಗೆ ಕೀಲಿ ಹಾಕಿ, ಗಲಗಲಿಯಲ್ಲಿದ್ದ ಅಣ್ಣನ ಮಗಳ ಹತ್ತಿರ ಹೊರಟುಹೋದಳು. ಹೋಗುವಾಗ ನನ್ನ ಅವ್ವನಿಗೆ ಹೇಳಿಹೋದಳು. ನಾನು ಒಳಗಿದ್ದೆ, ಹೊರಗೆ ಬರಲಿಲ್ಲ.

ಮುಂದೆ ನನಗೆ ಬೀಳಗಿಯ ಕಡೆ ಒಂದು ಹಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಅಲ್ಲಿಂದ ಗಲಗಲಿ ದೂರವಿರಲಿಲ್ಲ. ಆದರೂ ಹೋಗಲು ಎರಡು ವರ್ಷ ಬೇಕಾಯಿತು. ಪಗಾರದಲ್ಲಿ ಉಳಿಸಿ ನೂರಾ ಇಪ್ಪತ್ತು ರೂಪಾಯಿ ಕೂಡಿಸಿದೆ. ನಡೆದದ್ದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಸಹಿ ಹಾಕಿದೆ. ಒಂದು ರವಿವಾರ ಹೊರಟೆ. ಹೊಳೆಯ ದಂಡೆಯ ಓಣಿಯಲ್ಲಿ ಮನೆ. ಆಕೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬಹಳ ಇಳಿದಿದ್ದಳು.

“ಬಾ,” ಎಂದಳು. ಹೇಗಿದ್ದಿ ಎಂದು ಕೇಳಲಿಲ್ಲ.

ನಾನು ಕಾಗದ ತೆಗೆದು, “ಚಿಗವ್ವಾ, ಇದನ್ನ ಬರಕೊಂಡು ಬಂದೇನಿ. ಓದಿ ಹೇಳತೇನಿ,” ಅಂದೆ.

“ಬ್ಯಾಡ,” ಎಂದು ಕೈ ಚಾಚಿದಳು. “ಇಲ್ಲಿ ತಾ. ಇಲ್ಲಿಯ ಮಾಸ್ತರನ ಹೇಣ್ತಿ ಕಡೆ ಅಕ್ಷರಾ ಕಲತೇನಿ. ಇನ್ನ ಮ್ಯಾಲ ಯಾರೂ ಓದಿ ಹೇಳೂದು ಬ್ಯಾಡ ನನಗ.”

ಒಂದೊಂದೇ ಅಕ್ಷರ ಕೂಡಿಸುತ್ತ, ಬೆರಳಿಟ್ಟು ಓದತೊಡಗಿದಳು. ಒಂದು ಪುಟವೂ ತುಂಬದ ಕಾಗದ, ಅರ್ಧ ತಾಸಿನ ಮೇಲೆ ಹಿಡಿಯಿತು. ಒತ್ತಕ್ಷರ ಬಂದಲ್ಲಿ ನಿಲ್ಲುವಳು. ನಾನು ಹೇಳಿಕೊಡಲು ಬಾಯಿ ತೆರೆದರೆ ಕೈಯೆತ್ತಿ ತಡೆಯುವಳು. ನಾನು ಸು-ಳ್ಳು ಓ-ದಿ-ದೆ. ನನ್ನ ಅಪರಾಧ ಹೀಗೆ ತುಂಡುತುಂಡಾಗಿ ಆಕೆಯ ಬಾಯಿಂದ ಬರುತ್ತಿದ್ದರೆ ನಾನು ಶೇಂಗಾ ಸಿಪ್ಪೆಯನ್ನು ಬೆರಳಿನಲ್ಲಿ ಪುಡಿಮಾಡುತ್ತ ಕುಳಿತಿದ್ದೆ. ಮುಗಿದ ಮೇಲೆ ರೊಕ್ಕದ ಗಂಟು ಮುಂದಿಟ್ಟೆ. ಆಕೆ ಮುಟ್ಟಲಿಲ್ಲ.

“ಗೋಡಿ ಎದ್ದಾವು. ಅಲ್ಲಿಗೆ ಮುಗೀತು, ರೊಕ್ಕ ನನಗ ಬ್ಯಾಡ.” ಕಾಗದವನ್ನು ನನ್ನ ಕೈಗೆ ತಿರುಗಿ ಕೊಟ್ಟಳು. “ಇದನ್ನ ನನಗ್ಯಾಕ ತಂದ್ಯೋ ತಮ್ಮಾ? ನನಗ ಗೊತ್ತಿದ್ದದ್ದ ಐತಲ್ಲ ಇದರಾಗ. ಬನಹಟ್ಟಿಗೆ ಒಯ್ಯಿ. ಮಂದಿನ ಕೂಡಿಸಿ ಓದು. ನಾ ಸಾಯೂದರಾಗ ಓದು.”

“ಓದತೇನಿ ಚಿಗವ್ವಾ,” ಅಂದೆ.

ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡು ಬಂದೆ. ಅದೇ ಕೊನೆಯ ಭೆಟ್ಟಿ.

ಆ ವರ್ಷ ಹೋಗಲಿಲ್ಲ, ಅಪ್ಪ ಇನ್ನೂ ಅವರ ನೂಲಿನ ಮೇಲೆಯೇ ಬದುಕಿದ್ದ. ಮರುವರ್ಷ ತಂಗಿಯ ಮದುವೆ ಅಡ್ಡ ಬಂತು. ಅದರ ಮುಂದಿನ ವರ್ಷ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಸಂಘದ ಹುಡುಗರೆಲ್ಲ ಮಕ್ಕಳೊಂದಿಗರಾಗಿದ್ದರು. ಸಂಘವನ್ನು ಮುಚ್ಚಿ, ಕೋಣೆಯನ್ನು ಊರಿಗೆ ಒಪ್ಪಿಸುವುದೆಂದು ಕೊನೆಯ ಸಭೆ ಕರೆದರು. ಹಳೆಯ ಕಾರ್ಯದರ್ಶಿ ಎಂದು ನನಗೂ ಪತ್ರ ಬಂತು. ಅದೇ ವಾರ ಗಲಗಲಿಯಿಂದ ನೀಲವ್ವ ತೀರಿದ ಸುದ್ದಿ ಬಂತು. ಇನ್ನಾದರೂ ಓದಲೇಬೇಕು ಎಂದು ಕಾಗದವನ್ನು ಕೋಟಿನ ಒಳಕಿಸೆಯಲ್ಲಿಟ್ಟುಕೊಂಡು ಬನಹಟ್ಟಿಗೆ ಹೋದೆ.

ಕೋಣೆ ತುಂಬ ಜನ. ನಡುವೆ ಗುರುಸಿದ್ದಪ್ಪ, ಜರಿಯ ರುಮಾಲು ಸುತ್ತಿಕೊಂಡು, ನನ್ನನ್ನು ಕಂಡು ಎದ್ದುಬಂದು ಅಪ್ಪಿಕೊಂಡ. ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡು ಹೊಗಳಿ ಮಾತಾಡಿದ. ಹಾರ ಹಾಕಿದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ಕೈ ಒಳಕಿಸೆಗೆ ಹೋಯಿತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೇಳಿದ: “ಮಾಸ್ತರ್ರ, ನಿಮ್ಮ ಬಾಜೂ ಮನಿ ನೀಲವ್ವ ಗಲಗಲ್ಯಾಗ ಸತ್ತಳಂತಲ್ರಿ?”

ಇನ್ನೊಬ್ಬ ಅವನ ಕಡೆ ತಿರುಗಿ, “ಯಾವ ನೀಲವ್ವೋ? ಸಂಘದ ರೊಕ್ಕ ತಿಂದಿದ್ದಳಲ್ಲ, ಆಕೀನ?” ಅಂದ.

ಕೋಣೆಯೆಲ್ಲ ನನ್ನ ಉತ್ತರಕ್ಕೆ ಕಾಯಿತು. ಗುರುಸಿದ್ದಪ್ಪ ಮೀಸೆಯ ಮೇಲೆ ಬೆರಳಾಡಿಸುತ್ತ ನನ್ನನ್ನೇ ನೋಡುತ್ತಿದ್ದ.

“ಹೂಂ,” ಅಂದೆ. “ಆಕೀನ.”